ಎಚ್.ಐ.ವಿ.ಯೊಡನೆ ಮುಪ್ಪು: ವಿಜಯನಗರ ಜಿಲ್ಲೆಯ ಐದು ತಾಲ್ಲೂಕುಗಳಲ್ಲಿ ಮನಃಸ್ವಾಸ್ಥ್ಯದ ಪ್ರಶ್ನೆ

೧. ಪ್ರಶ್ನೆಯ ಸ್ವರೂಪ

ಎಚ್.ಐ.ವಿ. ಸೋಂಕು ತಗಲಿದವರು ಮೊಮ್ಮಕ್ಕಳನ್ನು ಎತ್ತಿ ಆಡಿಸುವಷ್ಟು ಕಾಲ ಬದುಕುವರೆಂದು ಮೂವತ್ತು ವರ್ಷಗಳ ಹಿಂದೆ ಹೇಳಿದ್ದರೆ ನಮ್ಮ ನಾಡಿನಲ್ಲಿ ನಂಬುವವರು ವಿರಳವಾಗಿದ್ದರು. ಭಾರತದಲ್ಲಿ ಈ ಸೋಂಕು ಮೊದಲು ಪತ್ತೆಯಾದುದು ೧೯೮೬ರಲ್ಲಿ, ಮದರಾಸಿನಲ್ಲಿ. ಅಲ್ಲಿಂದ ಮುಂದೆ ಸುಮಾರು ಎರಡು ದಶಕಗಳ ಕಾಲ ಬಡವರ ಪಾಲಿಗೆ ರೋಗನಿದಾನವೆಂಬುದು ಮರಣವಾರ್ತೆಯೇ ಆಗಿತ್ತು. ೨೦೦೪ನೆಯ ಏಪ್ರಿಲ್ ೧ರಂದು ಭಾರತ ಸರ್ಕಾರವು ಈ ರೋಗಾಣುವನ್ನು ಹತ್ತಿಕ್ಕುವ ಔಷಧವನ್ನು ಉಚಿತವಾಗಿ ಕೊಡಲು ಪ್ರಾರಂಭಿಸಿತು. ಬಳಕೆಯ ಮಾತಿನಲ್ಲಿ 'ಎ.ಆರ್.ಟಿ. ಮಾತ್ರೆ' ಎಂದು ಕರೆಯುವ ಈ ಔಷಧವು ರೋಗಾಣುವನ್ನು ದೇಹದಿಂದ ನಿರ್ಮೂಲಗೊಳಿಸದು. ಆದರೆ ಅದರ ವೃದ್ಧಿಯನ್ನು ತಡೆದು ರೋಗಿಗೆ ಆಯುಷ್ಯವನ್ನು ಕೊಡುವುದು.

ಆ ಮೊದಲ ವರ್ಷಗಳಲ್ಲಿ ಮೂವತ್ತೈದರ ಹರೆಯದಲ್ಲಿ ಮಾತ್ರೆ ಹಿಡಿದವರು ಈಗ ಐವತ್ತೈದನ್ನು ದಾಟಿದ್ದಾರೆ. ಈ ವಿಷಯದ ಅಧ್ಯಯನಗಳಲ್ಲಿ ಸಾಮಾನ್ಯವಾಗಿ ಐವತ್ತನೆಯ ವಯಸ್ಸನ್ನೇ ಮುಪ್ಪಿನ ಹೊಸ್ತಿಲೆಂದು ಎಣಿಸುವ ವಾಡಿಕೆಯುಂಟು. ಹೀಗೆ ಹೊಸ್ತಿಲು ದಾಟಿದವರ ದೇಹದ ಲೆಕ್ಕವನ್ನು ಚಿಕಿತ್ಸಾಕೇಂದ್ರಗಳು ಇಟ್ಟಿವೆ. ಅವರ ಮನಸ್ಸಿನ ಲೆಕ್ಕವನ್ನು ಇಡುವವರು ಯಾರು ಎಂಬುದೇ ಈ ಲೇಖನದ ಪ್ರಶ್ನೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳನ್ನು ಕಣ್ಣ ಮುಂದಿಟ್ಟುಕೊಂಡು ಇದನ್ನು ವಿವೇಚಿಸುವುದು ನಮ್ಮ ಉದ್ದೇಶ.

೨. ಪ್ರದೇಶದ ಪರಿಚಯ

ಈ ಐದೂ ತಾಲ್ಲೂಕುಗಳು ೨೦೨೧ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟ ವಿಜಯನಗರ ಜಿಲ್ಲೆಗೆ ಸೇರಿವೆ, ಆರನೆಯದು ಹೊಸಪೇಟೆ. ಕೊಟ್ಟೂರು ಹಿಂದೆ ಕೂಡ್ಲಿಗಿ ತಾಲ್ಲೂಕಿನ ಭಾಗವಾಗಿದ್ದಿತು. ಹರಪನಹಳ್ಳಿಯು ೧೯೯೭ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ, ೨೦೧೮ರಲ್ಲಿ ಬಳ್ಳಾರಿಗೆ ಮರಳಿ, ಅನಂತರ ಹೊಸ ಜಿಲ್ಲೆಗೆ ಬಂದಿತು. ಆಡಳಿತದ ಗಡಿಗಳು ಹೀಗೆ ಸರಿದಾಡಿದರೂ ರೋಗಿಯ ದಾರಿ ಬೇರೆಯೇ ಇರುವುದು. ಹರಪನಹಳ್ಳಿಯವರು ಇಂದಿಗೂ ದೊಡ್ಡ ಆಸ್ಪತ್ರೆಗೆಂದು ದಾವಣಗೆರೆಯ ಬಸ್ಸು ಹತ್ತುವುದುಂಟು. ಕೂಡ್ಲಿಗಿಯವರಿಗೆ ಹೊಸಪೇಟೆ, ಬಳ್ಳಾರಿಗಳ ದಾರಿ ರೂಢಿ. ಹಡಗಲಿಯ ಕೆಲವರಿಗೆ ತುಂಗಭದ್ರೆಯ ಆಚೆಯ ಊರುಗಳೇ ಹತ್ತಿರ. ತನ್ನ ಗುರುತು ಸಿಕ್ಕಬಾರದೆಂದು ಹತ್ತಿರದ ಕೇಂದ್ರವನ್ನು ಬಿಟ್ಟು ದೂರದ ಕೇಂದ್ರವನ್ನೇ ಆಯ್ದುಕೊಳ್ಳುವ ರೋಗಿಯೂ ಉಂಟೆಂಬುದನ್ನು ಈ ಚಿಕಿತ್ಸೆಯ ಪರಿಚಯವಿರುವವರೆಲ್ಲ ಬಲ್ಲರು. ೨೦೨೩ರ ಜೂನ್ ೧೧ರಂದು ರಾಜ್ಯದಲ್ಲಿ ಮಹಿಳೆಯರಿಗೆ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣ ಪ್ರಾರಂಭವಾದುದು ಇಂಥ ಹೆಂಗಸರಿಗೆ ಒಂದು ಅನಿರೀಕ್ಷಿತ ಉಪಕಾರ.

ಮಳೆಯನ್ನೇ ನಂಬಿದ ಬೆದ್ದಲು ಭೂಮಿ ಇಲ್ಲಿ ವಿಶೇಷ. ಹಡಗಲಿಯ ಮಲ್ಲಿಗೆ ನಾಡಿನಲ್ಲೆಲ್ಲ ಹೆಸರಾದರೂ, ಮಳೆ ಕೈಕೊಟ್ಟ ವರ್ಷ ಜನರು ಗುಳೆ ಹೋಗುವುದು ತಪ್ಪದು. ಬೆಂಗಳೂರಿನ ಕಟ್ಟಡದ ಕೆಲಸಕ್ಕೂ ಮಲೆನಾಡಿನ ಕಾಫಿ ತೋಟಗಳಿಗೂ ಹರೆಯದವರು ಹೊರಟಮೇಲೆ ಊರಿನಲ್ಲಿ ಉಳಿಯುವವರು ಮುದುಕರು ಮತ್ತು ಮಕ್ಕಳು. ಲಂಬಾಣಿ ತಾಂಡಗಳು ಈ ತಾಲ್ಲೂಕುಗಳಲ್ಲಿ ಅನೇಕವಾಗಿವೆ. ಅಲ್ಲಿಯ ಹಿರಿಯರ ಮನೆಮಾತು ಕನ್ನಡವಲ್ಲ. ಇದಲ್ಲದೆ, ದೇವದಾಸಿ ಪದ್ಧತಿಯು ಬಹುಕಾಲ ಬೇರೂರಿದ್ದ ಪ್ರದೇಶಗಳಲ್ಲಿ ಇದೂ ಒಂದು. ೧೯೮೨ರ ಕರ್ನಾಟಕದ ಕಾನೂನು ದೇವರಿಗೆ ಬಿಡುವುದನ್ನು ನಿಷೇಧಿಸಿತು. ಆದರೆ ಅದಕ್ಕೆ ಮೊದಲು, ಕೆಲವೆಡೆ ಅದರ ಅನಂತರವೂ, ಮುತ್ತು ಕಟ್ಟಿಸಿಕೊಂಡ ಹೆಂಗಸರು ಈಗ ಮುಪ್ಪಿನಲ್ಲಿದ್ದಾರೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯಕ. ಎಚ್.ಐ.ವಿ. ಎಂಬುದು ಯಾವುದೋ ಒಂದು ಜಾತಿಯ, ಪದ್ಧತಿಯ ಅಥವಾ ವೃತ್ತಿಯ ರೋಗವೆಂಬ ಭಾವನೆ ತಪ್ಪು. ಮನೆ ಬಿಟ್ಟು ಹೊರಗೆ ಕಾಲಿಡದ ಎಷ್ಟೋ ಗೃಹಿಣಿಯರಿಗೆ ಸೋಂಕು ತಗಲಿದುದು ಗಂಡನಿಂದ. ಅದು ತಿಳಿದುದು ಬಸುರಿನ ಪರೀಕ್ಷೆಯಲ್ಲಿ ಅಥವಾ ಗಂಡ ತೀರಿಕೊಂಡ ಮೇಲೆ.

೩. ಒಂದು ಮರೆತ ಪರಂಪರೆ

ಮಾನಸಿಕ ಆರೋಗ್ಯದ ಇತಿಹಾಸದಲ್ಲಿ ಈ ಪ್ರದೇಶಕ್ಕೆ ವಿಶೇಷವಾದ ಸ್ಥಾನವಿರುವುದನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಅರಿಯರು. ೧೯೮೨ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವು ರೂಪುಗೊಂಡಿತು. ಅದನ್ನು ಒಂದು ಇಡೀ ಜಿಲ್ಲೆಯಲ್ಲಿ ನಡೆಸಿ ನೋಡುವುದು ಹೇಗೆಂಬ ಪ್ರಶ್ನೆ ಬಂದಾಗ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ೧೯೮೫ರಲ್ಲಿ ಆರಿಸಿಕೊಂಡುದು ಬಳ್ಳಾರಿ ಜಿಲ್ಲೆಯನ್ನು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳೆಲ್ಲ ಅಂದು ಅದೇ ಜಿಲ್ಲೆಯಲ್ಲಿದ್ದುವು.

ಆ ಪ್ರಯೋಗದ ತತ್ತ್ವವು ಸರಳವಾದುದು. ಮನೋವೈದ್ಯರ ಸಂಖ್ಯೆ ಅತ್ಯಲ್ಪ. ರೋಗಿಗಳು ಹಳ್ಳಿಹಳ್ಳಿಗಳಲ್ಲಿ ಹರಡಿಕೊಂಡಿದ್ದಾರೆ. ಆದುದರಿಂದ ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೂ ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೂ ಅಲ್ಪಾವಧಿಯ ಶಿಕ್ಷಣವಿತ್ತು, ಕೆಲವೇ ಅಗತ್ಯ ಔಷಧಗಳನ್ನು ಅಲ್ಲಿಯೇ ದೊರಕಿಸಿ, ಜಿಲ್ಲಾ ಕೇಂದ್ರದ ತಜ್ಞರ ತಂಡವು ಅವರ ಬೆಂಬಲಕ್ಕೆ ನಿಲ್ಲುವುದು. ತೀವ್ರ ಮನೋರೋಗ, ಮೂರ್ಛೆರೋಗ ಮುಂತಾದುವುಗಳಿಗೆ ಹೀಗೆ ಮನೆಯ ಸಮೀಪದಲ್ಲಿಯೇ ಚಿಕಿತ್ಸೆ ಸಾಧ್ಯವೆಂಬುದನ್ನು ಬಳ್ಳಾರಿಯ ಅನುಭವ ತೋರಿಸಿಕೊಟ್ಟಿತು. ೧೯೯೬ರಲ್ಲಿ ಪ್ರಾರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ಮಾದರಿಯಾಯಿತು.

ಎರಡು ಇಸವಿಗಳನ್ನು ಇಲ್ಲಿ ಜೊತೆಯಾಗಿ ನೋಡಬೇಕು. ೧೯೮೫ರಲ್ಲಿ ಬಳ್ಳಾರಿಯ ಪ್ರಯೋಗ. ೧೯೮೬ರಲ್ಲಿ ದೇಶದಲ್ಲಿ ಎಚ್.ಐ.ವಿ.ಯ ಪತ್ತೆ. ಇವೆರಡೂ ಒಂದೇ ಕಾಲದಲ್ಲಿ ಮೊದಲಾದರೂ ಬೇರೆಬೇರೆ ಇಲಾಖೆ, ಬೇರೆಬೇರೆ ಕಡತ, ಬೇರೆಬೇರೆ ಕೊಠಡಿಗಳಲ್ಲಿ ಬೆಳೆದುವು. ಆದರೆ ರೋಗಿಯು ಒಬ್ಬನೇ.

೪. ದೇಹ, ಮುಪ್ಪು ಮತ್ತು ಮನಸ್ಸು

ರಕ್ತದಲ್ಲಿ ರೋಗಾಣುವಿನ ಪ್ರಮಾಣವು ಅಳತೆಗೆ ಸಿಕ್ಕದಷ್ಟು ಕಡಿಮೆಯಾದರೂ ದೇಹದೊಳಗೆ ಒಂದು ಬಗೆಯ ಮಂದವಾದ ಉರಿಯೂತವು ಉಳಿದುಕೊಂಡೇ ಇರುವುದು. ಇದರ ಪರಿಣಾಮವಾಗಿ ಹೃದಯ ಮತ್ತು ರಕ್ತನಾಳಗಳ ರೋಗ, ಮೂಳೆಗಳ ಸವೆತ, ಮೂತ್ರಪಿಂಡದ ದೌರ್ಬಲ್ಯ ಮೊದಲಾದುವು ಇವರಲ್ಲಿ ಇತರರಿಗಿಂತ ಹೆಚ್ಚಾಗಿ ಕಂಡುಬರುತ್ತವೆ. ರೋಗಾಣುವು ಸೋಂಕಿನ ಆರಂಭದಲ್ಲಿಯೇ ಮಿದುಳನ್ನೂ ಪ್ರವೇಶಿಸುವುದು. ಹಿಂದೆ ಕಾಣುತ್ತಿದ್ದ ತೀವ್ರ ಬುದ್ಧಿಭ್ರಮಣೆಯು ಔಷಧದ ದೆಸೆಯಿಂದ ವಿರಳವಾಗಿದೆ. ಆದರೆ ಗಮನ ಚದುರುವುದು, ಯೋಚನೆ ನಿಧಾನವಾಗುವುದು, ಒಂದು ಕೆಲಸವನ್ನು ಕ್ರಮವಾಗಿ ಮಾಡಿ ಮುಗಿಸಲು ತೊಡಕಾಗುವುದು, ಇಂಥ ಸೌಮ್ಯ ಲಕ್ಷಣಗಳು ಕೆಲವರಲ್ಲಿ ಉಳಿಯುತ್ತವೆ.

ಮರೆವು ಕಂಡೊಡನೆ 'ವಯಸ್ಸಾಯಿತು' ಎಂದು ಕೈಬಿಡುವುದು ಸಲ್ಲದು. ಬಿ-೧೨ ಜೀವಸತ್ತ್ವದ ಕೊರತೆ, ಥೈರಾಯಿಡ್ ಗ್ರಂಥಿಯ ದೋಷ, ಹತೋಟಿಯಿಲ್ಲದ ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆ, ಮದ್ಯಪಾನ, ನಿದ್ರಾಹೀನತೆ ಇವೆಲ್ಲವೂ ಮರೆವಿಗೆ ಕಾರಣವಾಗಬಲ್ಲುವು. ಖಿನ್ನತೆಯೂ ಮರೆವಿನ ವೇಷದಲ್ಲಿ ಬರುವುದುಂಟು. ಇವುಗಳಲ್ಲಿ ಹೆಚ್ಚಿನವು ಚಿಕಿತ್ಸೆಗೆ ಬಗ್ಗುವಂಥವು.

ಔಷಧಗಳ ಪಾತ್ರವನ್ನೂ ಗಮನಿಸಬೇಕು. ಬಹುಕಾಲ ಬಳಕೆಯಲ್ಲಿದ್ದ ಎಫಾವಿರೆಂಜ್ ಎಂಬ ಮಾತ್ರೆಯು ಕೆಲವರಲ್ಲಿ ತಲೆಸುತ್ತು, ವಿಚಿತ್ರ ಕನಸು, ಖಿನ್ನತೆಗಳನ್ನು ಉಂಟುಮಾಡುತ್ತಿದ್ದಿತು. ೨೦೨೦ರ ಅನಂತರ ನಮ್ಮ ದೇಶದಲ್ಲಿ ವ್ಯಾಪಕವಾಗಿ ಬಂದ ಡೊಲುಟೆಗ್ರಾವಿರ್ ಈ ದೃಷ್ಟಿಯಿಂದ ಸುಧಾರಣೆಯಾದರೂ ಕೆಲವರಿಗೆ ನಿದ್ರೆಗೇಡು ತರುವುದು. ಇದಕ್ಕಿಂತ ಮುಖ್ಯವಾದುದು ಮಾತ್ರೆಮಾತ್ರೆಗಳ ನಡುವಿನ ಸಂಬಂಧ. ಮೂರ್ಛೆರೋಗಕ್ಕೂ ಕೆಲವು ಮನೋರೋಗಗಳಿಗೂ ಕೊಡುವ ಕಾರ್ಬಮಜೆಪಿನ್ ಎಂಬ ಔಷಧವು ರಕ್ತದಲ್ಲಿ ಡೊಲುಟೆಗ್ರಾವಿರ್‌ನ ಪ್ರಮಾಣವನ್ನು ತಗ್ಗಿಸುತ್ತದೆ. ಮನೋವೈದ್ಯರಿಗೆ ಎಚ್.ಐ.ವಿ.ಯ ಸುದ್ದಿಯನ್ನೂ, ಎ.ಆರ್.ಟಿ. ವೈದ್ಯರಿಗೆ ಮನಸ್ಸಿನ ಮಾತ್ರೆಯ ಸುದ್ದಿಯನ್ನೂ ಮರೆಮಾಚುವ ರೋಗಿಯು ಎರಡು ಗುಟ್ಟುಗಳ ನಡುವೆ ಎರಡು ಚಿಕಿತ್ಸೆಗಳನ್ನೂ ಕೆಡಿಸಿಕೊಳ್ಳುವ ಅಪಾಯವಿದೆ.

೫. ಗುಟ್ಟಿನ ಭಾರ

ಈಗ ಒಂದು ಕಲ್ಪಿತ ಉದಾಹರಣೆಯನ್ನು ನೋಡೋಣ. ಇದು ಯಾವೊಬ್ಬರ ಚರಿತ್ರೆಯೂ ಅಲ್ಲ. ಕೊಟ್ಟೂರಿನ ಸಮೀಪದ ಒಂದು ಹಳ್ಳಿಯಲ್ಲಿ ಐವತ್ತೆಂಟು ವರ್ಷದ ಒಬ್ಬ ಹೆಂಗಸಿದ್ದಾಳೆ. ಗಂಡ ತೀರಿಕೊಂಡುದು ೨೦೦೩ರಲ್ಲಿ. ಊರಿನವರ ಮಟ್ಟಿಗೆ ಅದು ಕ್ಷಯ. ಆಕೆ ೨೦೦೭ರಲ್ಲಿ ಮಾತ್ರೆ ಹಿಡಿದಳು. ಕೂಲಿ ಮಾಡಿ ಮಗನನ್ನು ಬೆಳೆಸಿದಳು. ಮಗ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿದ್ದಾನೆ. ಸೊಸೆಗೆ ವಿಷಯ ತಿಳಿಯದು. ಆಕೆ ಮಾತ್ರೆಗಳನ್ನು ಚೀಟಿಯಿರುವ ಡಬ್ಬಿಯಿಂದ ತೆಗೆದು ಬೇರೊಂದು ಡಬ್ಬಿಗೆ ಹಾಕಿಡುತ್ತಾಳೆ, ಮನೆಯವರು ಮಲಗಿದ ಮೇಲೆ ನುಂಗುತ್ತಾಳೆ, ಕೇಳಿದವರಿಗೆ 'ಬಿ.ಪಿ. ಗುಳಿಗಿ' ಎನ್ನುತ್ತಾಳೆ. ಈಚೆಗೆ ನಸುಕಿನಲ್ಲಿಯೇ ಎಚ್ಚರವಾಗಿಬಿಡುವುದು. ಊಟ ರುಚಿಸದು. ಪ್ರತಿವರ್ಷ ತಪ್ಪದೆ ಹೋಗುತ್ತಿದ್ದ ಕೊಟ್ಟೂರ ತೇರಿಗೆ ಈ ಸಲ ಹೋಗಲಿಲ್ಲ. ಚಿಕಿತ್ಸಾಕೇಂದ್ರದಲ್ಲಿ ಮಾತ್ರೆಗಳ ಎಣಿಕೆ ಸರಿಯಾಗಿದೆ, ರಕ್ತದಲ್ಲಿ ರೋಗಾಣು ಕಾಣುತ್ತಿಲ್ಲ. ಆಕೆಯ ಕಡತದಲ್ಲಿ 'ತೃಪ್ತಿಕರ' ಎಂದು ಬರೆದಿದೆ.

ಆ ಕಡತವು ಸುಳ್ಳು ಹೇಳುತ್ತಿಲ್ಲ. ಅದನ್ನು ಕೇಳಿದ ಪ್ರಶ್ನೆಗಳಿಗೆ ಮಾತ್ರ ಅದು ಉತ್ತರ ಕೊಡುತ್ತಿದೆ. ಕೇಳದೆ ಉಳಿದುವು ಮೂರು. ಮೊದಲನೆಯದು ಶೋಕ. ಅಂದು ಗಂಡನನ್ನು ಕಳೆದುಕೊಂಡಾಗ ಸಾವಿನ ನಿಜವಾದ ಕಾರಣವನ್ನು ಹೇಳಿ ಅಳುವ ಅವಕಾಶವೂ ಇರಲಿಲ್ಲ. ಹೇಳಿಕೊಳ್ಳಲಾಗದ ದುಃಖವು ಕಾಲದಿಂದ ಕರಗದು. ಎರಡನೆಯದು ಬದುಕಿನ ಲೆಕ್ಕ ತಪ್ಪಿದುದು. ಐದು ವರ್ಷ ಬದುಕಿದರೆ ಹೆಚ್ಚೆಂದು ನಂಬಿದ್ದವಳು ಮುಪ್ಪಿಗೆಂದು ಏನನ್ನೂ ಕೂಡಿಡಲಿಲ್ಲ. ಮೂರನೆಯದು ಮುಂದಿನ ಭಯ: ಕೈಕಾಲು ನಿಂತಾಗ ನೀರು ಕೊಡುವವರು ಯಾರು? ಮಾತ್ರೆಯನ್ನು ಬೇರೊಬ್ಬರ ಕೈಯಿಂದ ನುಂಗಬೇಕಾದ ದಿನ ಗುಟ್ಟು ಉಳಿಯುವುದು ಹೇಗೆ? ಸತ್ತ ಮೇಲೆ ಮೈ ಮುಟ್ಟುವರೇ? ಸಾಮಾನ್ಯ ವೃದ್ಧರಿಗೆ ಪರಾಧೀನತೆಯ ಭಯ ಒಂದೇ. ಇವರಿಗೆ ಅದರೊಡನೆ ಬಯಲಾಗುವ ಭಯವೂ ಸೇರಿದೆ.

೬. ಗುರುತಿಸುವ ಬಗೆ

ಖಿನ್ನತೆಯು ಸೋಂಕಿತರಲ್ಲಿ ಸಾಮಾನ್ಯ ಜನರಲ್ಲಿರುವುದಕ್ಕಿಂತ ಹೆಚ್ಚೆಂಬುದು ಅನೇಕ ದೇಶಗಳ ಅಧ್ಯಯನಗಳಿಂದ ಸಿದ್ಧವಾಗಿದೆ. ಖಿನ್ನರಾದವರು ಮಾತ್ರೆ ತಪ್ಪಿಸುತ್ತಾರೆ; ಮಾತ್ರೆ ತಪ್ಪಿದರೆ ರೋಗಾಣು ಹೆಚ್ಚುವುದು; ದೇಹ ಕುಗ್ಗಿದರೆ ಖಿನ್ನತೆ ಮತ್ತಷ್ಟು ಬಲಿಯುವುದು. ಆದರೂ ಅದನ್ನು ಗುರುತಿಸುವುದು ಸುಲಭವಲ್ಲ. ಈ ಭಾಗದ ಹಿರಿಯರು 'ನನಗೆ ಖಿನ್ನತೆಯಾಗಿದೆ' ಎಂದು ಹೇಳರು. 'ಕೈಕಾಲು ಹರೀತಾವ', 'ಎದಿ ಬಡ್ಕೊಂತೈತಿ', 'ತಲಿ ತಿರುಗತೈತಿ', 'ಯಾಕೋ ಬ್ಯಾಸರ' ಎನ್ನುವರು. ನೋವಿನ ಮಾತ್ರೆ ಪಡೆದು ಹಿಂದಿರುಗುವರು. ಚಿತೆಗೂ ಚಿಂತೆಗೂ ಒಂದು ಸೊನ್ನೆಯಷ್ಟೇ ಭೇದವೆಂಬ ನಾಣ್ಣುಡಿಯನ್ನು ಬಲ್ಲ ಜನರೇ ಚಿಂತೆಯನ್ನು ವೈದ್ಯರಿಗೆ ಹೇಳತಕ್ಕ ವಿಷಯವೆಂದು ಎಣಿಸುವುದಿಲ್ಲ.

ಪ್ರಥಮ ಪರೀಕ್ಷೆಗೆ ಎರಡು ಪ್ರಶ್ನೆಗಳು ಸಾಕೆಂದು ತಜ್ಞರು ಕಂಡುಕೊಂಡಿದ್ದಾರೆ: ಕಳೆದ ಎರಡು ವಾರಗಳಲ್ಲಿ ಯಾವುದರಲ್ಲಿಯೂ ಆಸಕ್ತಿ ಇಲ್ಲದಂತಾಗಿದೆಯೆ? ಮನಸ್ಸು ಕುಗ್ಗಿ ನಿರಾಶೆಯಾಗಿದೆಯೆ? ಇವನ್ನೇ 'ಯವ್ವಾ, ಹದಿನೈದು ದಿನದಿಂದ ಯಾವ ಕೆಲಸಕ್ಕೂ ಮನಸ್ಸು ಬರವಲ್ದೇನು?' ಎಂದು ಕೇಳಿದರೆ ಉತ್ತರವು ಬೇರೆಯೇ ಆಗಿರುವುದು. ತಾಂಡದ ಹಿರಿಯರನ್ನು ಅವರ ಮಾತಿನಲ್ಲಿಯೇ ಕೇಳಬೇಕು. ಆದರೆ ಅದಕ್ಕೆ ಮಗನನ್ನೋ ನೆರೆಯವರನ್ನೋ ದುಭಾಷಿಯನ್ನಾಗಿ ಕರೆದರೆ ಗುಟ್ಟು ಹೋಯಿತು.

ಸಾಯುವ ಯೋಚನೆಯ ಬಗೆಗೂ ನೇರವಾಗಿ ಕೇಳಬೇಕು. ಕೇಳುವುದರಿಂದ ಆ ಯೋಚನೆ ಹುಟ್ಟುವುದೆಂಬ ಭಯಕ್ಕೆ ಆಧಾರವಿಲ್ಲ. ಕೇಳಿದರೆ ಅನೇಕರಿಗೆ ಭಾರ ಇಳಿಯುವುದು. ಬೆಳೆಗೆ ಹೊಡೆಯುವ ಔಷಧ ಪ್ರತಿ ರೈತನ ಮನೆಯ ಮೂಲೆಯಲ್ಲಿರುವ ಈ ಪ್ರದೇಶದಲ್ಲಿ ಅದನ್ನು ಬೀಗದೊಳಗೆ ಇಡಿಸುವುದೂ ಒಂದು ಚಿಕಿತ್ಸೆಯೆಂದೇ ಭಾವಿಸತಕ್ಕದ್ದು.

೭. ಪರಿಹಾರದ ಮಾರ್ಗಗಳು

ಮೊದಲ ಔಷಧ ಸರಿಯಾದ ತಿಳಿವಳಿಕೆ. ಕ್ರಮವಾಗಿ ಮಾತ್ರೆ ಸೇವಿಸಿ, ರಕ್ತದಲ್ಲಿ ರೋಗಾಣುವು ಪತ್ತೆಯಾಗದ ಸ್ಥಿತಿಯನ್ನು ಉಳಿಸಿಕೊಂಡವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡದೆಂಬುದು ೨೦೧೧ರಿಂದ ಈಚೆಗೆ ಪ್ರಕಟವಾದ ದೊಡ್ಡ ಅಧ್ಯಯನಗಳಿಂದ ಸ್ಥಿರಪಟ್ಟಿದೆ. ತಟ್ಟೆ, ಲೋಟ, ಹಾಸಿಗೆ, ಸ್ಪರ್ಶಗಳಿಂದ ಅದು ಎಂದೂ ಹರಡುತ್ತಿರಲಿಲ್ಲ. ಮೊಮ್ಮಗುವಿಗೆ ಮುತ್ತಿಡಲು ಅಂಜುವ ಅಜ್ಜಿಗೆ ಈ ಒಂದು ವಾಕ್ಯವನ್ನು ಯಾರಾದರೂ ನಿಧಾನವಾಗಿ, ಎರಡು ಸಲ ಹೇಳಬೇಕು.

ಎರಡನೆಯದು ಮಾತಿನ ಚಿಕಿತ್ಸೆ. ತಜ್ಞರ ಕೊರತೆಯಿರುವೆಡೆ ತರಬೇತಿ ಪಡೆದ ಸಾಮಾನ್ಯರೂ ಇದನ್ನು ಪರಿಣಾಮಕಾರಿಯಾಗಿ ಕೊಡಬಲ್ಲರೆಂಬುದಕ್ಕೆ ಗೋವೆಯಲ್ಲಿಯೂ ಆಫ್ರಿಕೆಯಲ್ಲಿಯೂ ಪ್ರಮಾಣಗಳಿವೆ. ಜಿಂಬಾಬ್ವೆಯ ಹರಾರೆಯಲ್ಲಿ ಡಿಕ್ಸನ್ ಚಿಬಾಂಡಾ ಎಂಬ ಮನೋವೈದ್ಯರು ೨೦೦೬ರಲ್ಲಿ ಆರಂಭಿಸಿದ ಕಾರ್ಯವು ಪ್ರಸಿದ್ಧವಾದುದು. ಅಲ್ಲಿ ಚಿಕಿತ್ಸಾಲಯದ ಆವರಣದ ಬೆಂಚಿನ ಮೇಲೆ ತರಬೇತಿ ಪಡೆದ ಅಜ್ಜಿಯರು ಕುಳಿತು ಬಂದವರ ಕಷ್ಟವನ್ನು ಕೇಳಿ, ಒಂದು ಸಮಸ್ಯೆಯನ್ನು ಆರಿಸಿಕೊಂಡು ಅದಕ್ಕೆ ದಾರಿ ಹುಡುಕಲು ನೆರವಾಗುತ್ತಾರೆ. ಆ ಜನರ ಭಾಷೆಯಲ್ಲಿ ಖಿನ್ನತೆಗೆ ಇರುವ ಮಾತಿನ ಅರ್ಥ 'ಅತಿಯಾಗಿ ಯೋಚಿಸುವುದು' ಎಂದು. ನಮ್ಮವರ 'ಮನಸ್ಸಿಗೆ ಹಚ್ಚಿಕೊಳ್ಳುವುದು' ಅದಕ್ಕೆ ಸಮೀಪವಾದುದು. ೨೦೧೬ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಈ ಕ್ರಮದಿಂದ ಖಿನ್ನತೆಯ ಲಕ್ಷಣಗಳು ಗಣನೀಯವಾಗಿ ಇಳಿದುವು, ಪಾಲ್ಗೊಂಡವರಲ್ಲಿ ಎಚ್.ಐ.ವಿ. ಸೋಂಕಿತರು ಅನೇಕರಿದ್ದರು.

ಇದನ್ನು ಹಾಗೆಯೇ ತಂದು ನಮ್ಮ ಊರಕಟ್ಟೆಯ ಮೇಲೆ ಕೂರಿಸಲಾಗದು. ಕಟ್ಟೆಯು ಗಂಡಸರ ಸ್ಥಳ. ಅಲ್ಲಿ ಆಡಿದುದು ಊರಿಗೆಲ್ಲ ತಿಳಿಯುವುದು. ಹರಾರೆಯ ಬೆಂಚಿನ ಗುಣವೆಂದರೆ ಅಲ್ಲಿ ಯಾವ ಕಷ್ಟದವರೂ ಕೂರಬಹುದು. ಆದುದರಿಂದ ಕುಳಿತ ಮಾತ್ರಕ್ಕೆ ಯಾವ ಗುಟ್ಟೂ ಹೊರಬೀಳದು. ನಮ್ಮಲ್ಲಿ ಅಂಥ ಸ್ಥಳ ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಯ ತಪಾಸಣೆಯದು. ಐವತ್ತು ದಾಟಿದವರು ಅಲ್ಲಿಗೆ ಬಂದರೆ ಏಕೆಂದು ಯಾರೂ ಕೇಳರು. ಅಲ್ಲಿಯೇ ಎಲ್ಲ ಹಿರಿಯರಿಗೂ ಮೇಲಿನ ಎರಡು ಪ್ರಶ್ನೆಗಳನ್ನು ಕೇಳಿ, ಬೇಕಾದವರಿಗೆ ಮಾತಿನ ನೆರವನ್ನು ಕೊಡುವುದು ಈ ತಾಲ್ಲೂಕುಗಳಿಗೆ ಒಗ್ಗುವ ಕ್ರಮವೆಂದು ನಮ್ಮ ಅಭಿಪ್ರಾಯ. ಇದು ೧೯೮೫ರ ಬಳ್ಳಾರಿಯ ತತ್ತ್ವವೇ. ಮಾತ್ರೆಯ ಜೊತೆಗೆ ಮಾತನ್ನು ಸೇರಿಸಿದುದಷ್ಟೇ ಹೊಸದು. ಖಿನ್ನತೆ ತೀವ್ರವಾದಾಗ ಮಾತ್ರೆಯೂ ಅವಶ್ಯಕ, ಅದನ್ನು ಎ.ಆರ್.ಟಿ. ವೈದ್ಯರಿಗೆ ತಿಳಿಸಿಯೇ ಆರಂಭಿಸುವುದು ಕ್ಷೇಮ.

ಮೂರನೆಯದು ಸಹಚರರ ಗುಂಪು. ಅದೇ ಮಾತ್ರೆಯನ್ನು ಇಪ್ಪತ್ತು ವರ್ಷ ನುಂಗಿದವರೊಡನೆ ಕುಳಿತು ಆಡುವ ಮಾತಿಗೆ ಬೇರೆ ಸಮಾನವಿಲ್ಲ. ಕೇಂದ್ರಕ್ಕೆ ಬರುವ ದಿನವನ್ನೇ ಇಂಥ ಕೂಟದ ದಿನವಾಗಿ ಮಾಡಬಹುದು. ಸ್ಥಿರವಾಗಿರುವ ರೋಗಿಗಳಿಗೆ ಹಲವು ತಿಂಗಳ ಮಾತ್ರೆಗಳನ್ನು ಒಟ್ಟಿಗೆ ಕೊಡುವ ಪದ್ಧತಿಯು ಪ್ರಯಾಣದ ಕಷ್ಟವನ್ನು ಕಡಿಮೆ ಮಾಡಿದೆ. ಆದರೆ ಕೆಲವು ಒಂಟಿ ಮುದುಕರಿಗೆ ತಿಂಗಳಿಗೊಮ್ಮೆ ಆಪ್ತಸಮಾಲೋಚಕರ ಎದುರು ಕುಳಿತುಕೊಳ್ಳುವುದೇ ನಿಜವನ್ನು ಆಡುವ ಏಕೈಕ ಅವಕಾಶವಾಗಿತ್ತು. ಅಂಥವರನ್ನು ಗುರುತಿಸಿ ನಡುವೆ ದೂರವಾಣಿಯಲ್ಲಾದರೂ ವಿಚಾರಿಸಬೇಕು.

ನಾಲ್ಕನೆಯದು ಕಾನೂನಿನ ಆಸರೆ. ೨೦೧೭ರ ಎಚ್.ಐ.ವಿ. ಮತ್ತು ಏಡ್ಸ್ ಕಾಯಿದೆಯು ೨೦೧೮ರ ಸೆಪ್ಟೆಂಬರ್ ೧೦ರಂದು ಜಾರಿಗೆ ಬಂದಿತು. ಅದು ಚಿಕಿತ್ಸೆ, ಉದ್ಯೋಗ, ವಸತಿಗಳಲ್ಲಿ ಭೇದ ಮಾಡುವುದನ್ನು ನಿಷೇಧಿಸುತ್ತದೆ. ಕಾಯಿದೆಯಲ್ಲಿ ಹೇಳಿದ ಕೆಲವು ಸಂದರ್ಭಗಳ ಹೊರತು ಒಪ್ಪಿಗೆಯಿಲ್ಲದೆ ಸೋಂಕಿನ ಸುದ್ದಿಯನ್ನು ಬಹಿರಂಗಪಡಿಸುವಂತಿಲ್ಲ. ಅದೇ ವರ್ಷದ ಮಾನಸಿಕ ಆರೋಗ್ಯ ಕಾಯಿದೆಯು ಸರ್ಕಾರಿ ವೆಚ್ಚದ ಮಾನಸಿಕ ಚಿಕಿತ್ಸೆಯನ್ನು ಪ್ರತಿಯೊಬ್ಬರ ಹಕ್ಕೆಂದು ಸಾರಿದೆ. ಹೆಸರು ಹೇಳದೆ ವಿಚಾರಿಸಬಯಸುವವರಿಗೆ ಎಚ್.ಐ.ವಿ.ಯ ವಿಷಯದಲ್ಲಿ ೧೦೯೭ ಎಂಬ ಸಹಾಯವಾಣಿಯೂ, ಮನಸ್ಸಿನ ವಿಷಯದಲ್ಲಿ ೨೦೨೨ರ ಅಕ್ಟೋಬರ್ ೧೦ರಂದು ಆರಂಭವಾದ ಟೆಲಿ-ಮಾನಸ್‌ನ ೧೪೪೧೬ ಎಂಬ ಸಂಖ್ಯೆಯೂ ಉಂಟು.

೮. ಉಪಸಂಹಾರ

ಕಾಲೇಜುಗಳಲ್ಲಿ ಪ್ರತಿವರ್ಷ ಡಿಸೆಂಬರ್ ೧ರಂದು ಏಡ್ಸ್ ದಿನವನ್ನು ಆಚರಿಸುತ್ತೇವೆ. ರೆಡ್ ರಿಬ್ಬನ್ ಕ್ಲಬ್ಬುಗಳ ವಿದ್ಯಾರ್ಥಿಗಳು ಭಿತ್ತಿಪತ್ರ ಬರೆಯುತ್ತಾರೆ. ಅವುಗಳಲ್ಲಿ ತಲೆಬುರುಡೆಯ ಚಿತ್ರವೂ ಸಾವಿನ ಮಾತೂ ಇನ್ನೂ ಉಳಿದಿದ್ದರೆ ಅವನ್ನು ತೆಗೆಯುವುದು ಅಧ್ಯಾಪಕರ ಮೊದಲ ಕರ್ತವ್ಯ. ಹರೆಯದವರನ್ನು ಹೆದರಿಸಲು ಬರೆದ ಆ ಚಿತ್ರವನ್ನು ಓದುವವರಲ್ಲಿ, ಮನೆಯ ಕಪಾಟಿನಲ್ಲಿ ಅಜ್ಜಿಯ ಗುಟ್ಟಿನ ಡಬ್ಬಿಯನ್ನು ಕಂಡ ವಿದ್ಯಾರ್ಥಿಯೂ ಒಬ್ಬನಿರಬಹುದು. ಆತನಿಗೆ ನಾವು ತಿಳಿಸಬೇಕಾದುದು ಆಕೆ ಸಾಯುವಳೆಂದಲ್ಲ. ಇಷ್ಟು ಕಾಲ ಆಕೆ ಒಬ್ಬಳೇ ಹೊತ್ತ ಭಾರವೆಷ್ಟೆಂದು.

ಸಮಾಜಕಾರ್ಯ ಮತ್ತು ಮನಶ್ಶಾಸ್ತ್ರದ ವಿದ್ಯಾರ್ಥಿಗಳಿಗೆ ಇಲ್ಲಿ ಮಾಡತಕ್ಕ ಕೆಲಸ ಬಹಳವಿದೆ: ಈ ಭಾಗದ ಕನ್ನಡದಲ್ಲಿಯೂ ಲಂಬಾಣಿಯಲ್ಲಿಯೂ ಮನೋವ್ಯಥೆಯನ್ನು ಹೇಳುವ ಮಾತುಗಳನ್ನು ಸಂಗ್ರಹಿಸುವುದು; ಪ್ರಶ್ನಾವಳಿಗಳನ್ನು ಆ ಮಾತಿಗೆ ಅಳವಡಿಸುವುದು; ಹಿರಿಯರಿಗೆ ಸಲ್ಲತಕ್ಕ ಪಿಂಚಣಿಗಳ ಅರ್ಜಿಗಳನ್ನು ತುಂಬಿಕೊಡುವುದು. ಆದರೆ ಯಾವ ಅಧ್ಯಯನವೂ ಒಬ್ಬರ ಗುರುತನ್ನು ಬಯಲುಮಾಡುವಷ್ಟು ಅಮೂಲ್ಯವಲ್ಲ. ಔಷಧವು ಇವರಿಗೆ ಇಪ್ಪತ್ತು ವರ್ಷಗಳನ್ನು ಕೊಟ್ಟಿತು. ಆ ವರ್ಷಗಳಲ್ಲಿ ಒಮ್ಮೆಯಾದರೂ ಯಾರಾದರೂ ಹತ್ತಿರ ಕುಳಿತು, 'ಹೆಂಗದೀಯವ್ವಾ?' ಎಂದು ಕೇಳಿ, ಉತ್ತರ ಮುಗಿಯುವವರೆಗೆ ಏಳದೆ ಇರುವುದು ನಮ್ಮೆಲ್ಲರ ಕೈಯಲ್ಲಿದೆ.